ಎಇಎಂ ವೈಡ್‌ಬ್ಯಾಂಡ್ ಗೇಜ್: ಟರ್ಬೊ ಮಿಯಾಟಾದಲ್ಲಿ ಎರಡು ವರ್ಷ ಬಳಸಿದ ಮೇಲೆ

ಟರ್ಬೊ ಕಿಟ್ ಹಾಕಿಸಿದವರು ಮೊದಲು ಕೊಳ್ಳುವುದು ಬೂಸ್ಟ್ ಗೇಜ್, ಅಂದರೆ ಟರ್ಬೊ ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ (ಬೂಸ್ಟ್) ತೋರಿಸುವ ಮೀಟರ್. ನಾನೂ ಹಾಗೇ ಮಾಡಿದೆ. ಈಗ ಯಾರಾದರೂ ಕೇಳಿದರೆ, ಮೊದಲು ವೈಡ್‌ಬ್ಯಾಂಡ್ (ಗಾಳಿಗೆ ಪೆಟ್ರೋಲ್ ಯಾವ ಪ್ರಮಾಣದಲ್ಲಿದೆ ಎಂದು ತೋರಿಸುವ ಗೇಜ್) ತಗೊಳ್ಳಿ, ಬೂಸ್ಟ್ ಗೇಜ್ ಮುಂದಿನ ತಿಂಗಳಿಗಿರಲಿ ಎನ್ನುತ್ತೇನೆ. ಬೂಸ್ಟ್ ಎರಡು ಪಿಎಸ್‌ಐ ಕಡಿಮೆ ಬಂದರೆ ಕಾರು ಸ್ವಲ್ಪ ನಿಧಾನ ಹೋಗುತ್ತದೆ, ಅಷ್ಟೇ. ಬೂಸ್ಟ್‌ನಲ್ಲಿರುವಾಗ ಪೆಟ್ರೋಲ್ ಕಡಿಮೆಯಾದರೆ ನಾಕ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್ ಒಡೆಯಬಹುದು.

ನಾನಿರುವುದು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಕಾರು 1999ರ ಮಜ್ದಾ ಮಿಯಾಟಾ. ಎರಡೇ ಸೀಟು, 1.8 ಲೀಟರ್ ಎಂಜಿನ್, ಕಂಪನಿಯಿಂದ ಬಂದಾಗ 140 ಹಾರ್ಸ್‌ಪವರ್. ಟರ್ಬೊ ಇಲ್ಲದ ಎಂಜಿನ್ ಆದ್ದರಿಂದ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 9.5. ಅದಕ್ಕೆ ನಾನು ಒಂದು ಕಿಟ್, ದೊಡ್ಡ ಇಂಜೆಕ್ಟರ್ ಮತ್ತು ಮೆಗಾಸ್ಕ್ವರ್ಟ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿ 8 ಪಿಎಸ್‌ಐ ಬೂಸ್ಟ್ ಕೊಟ್ಟಿದ್ದೇನೆ. ಗಾಳಿಗೆ ತಕ್ಕ ಪೆಟ್ರೋಲ್ ಎಷ್ಟು ಎಂದು ಇಸಿಯುಗೆ ನಾವೇ ಹೇಳಿಕೊಡಬೇಕು. ನಮಗೆ ಗೊತ್ತಾಗುವುದು ಹೇಗೆ? ಅಲ್ಲೇ ಈ ಗೇಜ್ ಬೇಕಾಗುವುದು.

ಕಾರಿನ ಜೊತೆ ಬಂದ ಹಳೇ ಆಕ್ಸಿಜನ್ ಸೆನ್ಸರ್ ಹೇಳುವುದು ಒಂದೇ ಮಾತು. ಒಂದು ಭಾಗ ಪೆಟ್ರೋಲ್‌ಗೆ 14.7 ಭಾಗ ಗಾಳಿ ಎಂಬ ಗೆರೆಗಿಂತ ನೀವು ಆ ಕಡೆ ಇದ್ದೀರೋ ಈ ಕಡೆಯೋ, ಅಷ್ಟು ಮಾತ್ರ. ಬೂಸ್ಟ್‌ನಲ್ಲಿ ನಮಗೆ ಬೇಕಾದದ್ದು 11.5ರ ಆಸುಪಾಸು (ಅಂಕಿ ಇಳಿದಷ್ಟೂ ಪೆಟ್ರೋಲ್ ಹೆಚ್ಚು). ಅಲ್ಲಿ 11.5 ಇದೆಯೋ 13 ಇದೆಯೋ ಆ ಸೆನ್ಸರ್‌ಗೆ ತಿಳಿಯದು. ವೈಡ್‌ಬ್ಯಾಂಡ್ ನೇರವಾಗಿ ಅಂಕಿ ತೋರಿಸುತ್ತದೆ.

ನಾನು ತಗೊಂಡದ್ದು ಎಇಎಂ ಎಕ್ಸ್ ಸೀರೀಸ್, ಸುಮಾರು 200 ಡಾಲರ್. 52 ಮಿಮೀ ಅಳತೆ, ಮಧ್ಯದಲ್ಲಿ ದೊಡ್ಡ ಅಂಕಿ, ಸುತ್ತ ಎಲ್‌ಇಡಿ ಬಳೆ. ಸೆನ್ಸರ್ ಬಾಷ್ ಎಲ್‌ಎಸ್‌ಯು 4.9. ಹಳೇ ಕಾಲದ ವೈಡ್‌ಬ್ಯಾಂಡ್‌ಗಳಲ್ಲಿ ಆಗಾಗ ಸೆನ್ಸರ್ ಬಿಚ್ಚಿ ಹೊರಗಿನ ಗಾಳಿಯಲ್ಲಿ ಹಿಡಿದು ಕ್ಯಾಲಿಬ್ರೇಟ್ ಮಾಡಬೇಕಿತ್ತು. ಇದಕ್ಕೆ ಆ ಕೆಲಸ ಇಲ್ಲ. ಆಕ್ಸಿಲರೇಟರ್ ಒತ್ತಿದ ತಕ್ಷಣ ಅಂಕಿ ಬದಲಾಗುತ್ತದೆ. ಅದು ನನಗೆ ತುಂಬಾ ಇಷ್ಟ.

ಸೆನ್ಸರ್ ಕೂರಿಸುವ ಜಾಗದಲ್ಲಿ ಮಾತ್ರ ರಾಜಿ ಬೇಡ. ಟರ್ಬೊ ಆದ ಮೇಲೆ, ಕನಿಷ್ಠ ಒಂದೂವರೆ ಅಡಿ ದೂರದಲ್ಲಿ ಇರಬೇಕು. ಟರ್ಬೊಗಿಂತ ಮುಂಚೆ ಹಾಕಿದರೆ ಅಲ್ಲಿನ ಒತ್ತಡಕ್ಕೆ ಅಂಕಿ ತಪ್ಪುತ್ತದೆ, ಬಿಸಿಗೆ ಸೆನ್ಸರ್ ಹೋಗುತ್ತದೆ. ತುದಿ ಕೆಳಮುಖವಾಗಿ ಓರೆಯಾಗಿರಲಿ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಪೈಪಿನಲ್ಲಿ ನೀರು ಕಟ್ಟುತ್ತದೆ. ಕಾದ ಸೆರಾಮಿಕ್ ಮೇಲೆ ಆ ನೀರು ಬಿದ್ದರೆ ಬಿರುಕು ಬಿಡಬಹುದು.

ಮೊದಲ ತೊಂದರೆ ಬಂದದ್ದು ನನ್ನ ವೈರಿಂಗ್‌ನಿಂದ. ಗೇಜ್ 14.7 ಅನ್ನುತ್ತಿತ್ತು, ಲ್ಯಾಪ್‌ಟಾಪ್ 15.1 ಅನ್ನುತ್ತಿತ್ತು. ಈ ಗೇಜ್ ಇಸಿಯುಗೆ ಅಂಕಿಯನ್ನು ವೋಲ್ಟ್ ರೂಪದಲ್ಲಿ ಕಳಿಸುತ್ತದೆ. ವೋಲ್ಟನ್ನು 2.375ರಿಂದ ಗುಣಿಸಿ 7.3125 ಸೇರಿಸಿದರೆ ಅಂಕಿ ಬರುತ್ತದೆ. ಅಂದರೆ 0.15 ವೋಲ್ಟ್ ಹೆಚ್ಚುಕಮ್ಮಿಯಾದರೆ ಸಾಕು, 0.36 ವ್ಯತ್ಯಾಸ ಬಂದುಬಿಡುತ್ತದೆ. ನಾನು ಗೇಜ್‌ನ ಗ್ರೌಂಡ್ ತಂತಿಯನ್ನು ಡ್ಯಾಶ್‌ಬೋರ್ಡ್ ಹಿಂದಿನ ಒಂದು ಬೋಲ್ಟಿಗೆ ಸುಮ್ನೆ ಕಟ್ಟಿದ್ದೆ. ಇಸಿಯು ಗ್ರೌಂಡ್ ಇದ್ದದ್ದು ಎಂಜಿನ್ ಮೇಲೆ. ಸೆನ್ಸರ್ ಹೀಟರ್‌ನ ಕರೆಂಟ್ ಎಲ್ಲ ಆ ಬೋಲ್ಟ್ ಮೂಲಕ ಹೋಗಿ ಅಲ್ಲಿ ವೋಲ್ಟ್ ಏರುತ್ತಿತ್ತು. ತಂತಿಯನ್ನು ಇಸಿಯು ಗ್ರೌಂಡ್ ಇರುವ ಜಾಗಕ್ಕೇ ತಂದು ಕಟ್ಟಿದೆ. ಎರಡೂ ಅಂಕಿ ಒಂದಾದವು. ಟ್ಯೂನಿಂಗ್‌ಗೆ ಕೂರುವ ಮುಂಚೆ ಇದೊಂದನ್ನು ದಯವಿಟ್ಟು ನೋಡಿಕೊಳ್ಳಿ.

ಎರಡನೆಯದು ನನ್ನನ್ನು ಒಂದು ತಿಂಗಳು ಕಾಡಿತು. ಜನವರಿಯಲ್ಲಿ ಐಡಲ್ ಅಂಕಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗಿನ ಅಂಕಿ, ಮೆಲ್ಲಗೆ ಏರತೊಡಗಿತು. 15, 15.5, ಕೊನೆಗೆ 16.2. ಲೀನ್ ಅಂದರೆ ಪೆಟ್ರೋಲ್ ಕಡಿಮೆ, ಅಲ್ವಾ? ಟ್ಯೂನರ್‌ಸ್ಟುಡಿಯೋದಲ್ಲಿ (ಇಸಿಯು ಹೊಂದಿಸುವ ಲ್ಯಾಪ್‌ಟಾಪ್ ಸಾಫ್ಟ್‌ವೇರ್) ಆಟೋಟ್ಯೂನ್ ಆನ್ ಮಾಡಿದೆ. ಅದು ಇಸಿಯುನ ಪೆಟ್ರೋಲ್ ಕೋಷ್ಟಕದಲ್ಲಿ ಐಡಲ್ ಜಾಗದ ಅಂಕಿಯನ್ನು 44ರಿಂದ 57ರವರೆಗೆ ಏರಿಸಿತು. ಗೇಜ್ ನೋಡಿದರೆ ಸರಿ ಕಾಣುತ್ತಿತ್ತು. ಆದರೆ ಗ್ಯಾರೇಜ್ ತುಂಬ ಪೆಟ್ರೋಲ್ ವಾಸನೆ, ಕಣ್ಣುರಿ. ಪ್ಲಗ್ ಬಿಚ್ಚಿದರೆ ತುದಿಯೆಲ್ಲ ದೀಪದ ಕಾಡಿಗೆ ಹಿಡಿದ ಹಾಗೆ ಕಪ್ಪು. ಲೀನ್ ಓಡುವ ಎಂಜಿನ್ನಿನ ಪ್ಲಗ್ ಹಾಗಿರಲು ಸಾಧ್ಯವೇ ಇಲ್ಲ.

ಈ ಗೇಜ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ ಎಂಬುದು ಆಗ ನನ್ನ ತಲೆಗೆ ಹೋಯಿತು. ಓದಿ ಗೊತ್ತಿತ್ತು, ಆದರೆ ಕೈಗೆ ಬಂದಿರಲಿಲ್ಲ. ಆ ಆಮ್ಲಜನಕ ಎಂಜಿನ್ನಿನಿಂದಲೇ ಬರಬೇಕೆಂದಿಲ್ಲ. ಐಡಲ್‌ನಲ್ಲಿ ಹೊಗೆ ಒಂದೇ ಸಮ ಹರಿಯುವುದಿಲ್ಲ, ನಾಡಿಯ ಹಾಗೆ ಬಡಿದು ಬಡಿದು ಬರುತ್ತದೆ. ಎರಡು ಬಡಿತಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಎಲ್ಲಾದರೂ ಸಂದಿ ಇದ್ದರೆ ಆಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್ ಅದನ್ನೂ ಸೇರಿಸಿ ಎಣಿಸುತ್ತದೆ. ಬೂಸ್ಟ್‌ನಲ್ಲಿ ಹೊಗೆಯೇ ಜೋರಾಗಿ ಹೊರಗೆ ತಳ್ಳುವುದರಿಂದ ಅಂಕಿ ಹೆಚ್ಚು ಕೆಡುವುದಿಲ್ಲ. ನನ್ನ ಲಾಗ್‌ನಲ್ಲೂ (ಓಡಿಸುವಾಗ ಉಳಿಸಿದ ಅಂಕಿಗಳ ದಾಖಲೆ) ಹಾಗೇ ಇತ್ತು. ಬೂಸ್ಟ್‌ನಲ್ಲಿ 11.4, ಸರಿಯಾಗಿಯೇ. ಐಡಲ್‌ನಲ್ಲಿ ಮಾತ್ರ ತಪ್ಪು.

ಸಂದಿ ಎಲ್ಲಿದೆ? ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎಂಜಿನ್ ಕಡೆಯಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು, ಐದು ನಿಮಿಷಕ್ಕೆ ನಿಲ್ಲುತ್ತಿತ್ತು. ಕಬ್ಬಿಣ ಬಿಸಿಯಾಗಿ ಹಿಗ್ಗಿ ಸಂದಿ ಮುಚ್ಚುತ್ತಿತ್ತು ಅಂತ ಕಾಣುತ್ತದೆ. ರಾತ್ರಿ ಎಂಜಿನ್ ತಣ್ಣಗಾದ ಮೇಲೆ ವ್ಯಾಕ್ಯೂಮ್ ಕ್ಲೀನರನ್ನು ಗಾಳಿ ಊದುವ ಕಡೆಗೆ ತಿರುಗಿಸಿ, ಅದರ ಪೈಪನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಕೂರಿಸಿದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಎಲ್ಲ ಜಾಯಿಂಟ್‌ಗಳ ಮೇಲೂ ಚಿಮುಕಿಸಿದೆ. ತಿಪಟೂರಿನಲ್ಲಿ ನಮ್ಮ ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರಲ್ಲ, ಅದೇ ಕೆಲಸ. ಟರ್ಬೊ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಡುವ ಪೈಪು) ಕೂಡುವ ಫ್ಲ್ಯಾಂಜ್‌ನ ಒಂದು ಮೂಲೆಯಲ್ಲಿ ನೊರೆ ಉಕ್ಕಿ ಬಂತು. ಟಾರ್ಚ್ ಹಿಡಿದು ನೋಡಿದರೆ ಅಲ್ಲೇ ಬೆರಳಗಲದ ಮಸಿ ಗುರುತು. ಹೀಟ್ ಶೀಲ್ಡ್ ಬಿಚ್ಚಿ ನಟ್ ಮುಟ್ಟಿದೆ. ಬರಿಗೈಯಲ್ಲಿ ತಿರುಗಿತು. ನಾಲ್ಕು ಸ್ಟಡ್‌ಗಳಲ್ಲಿ ಎರಡು ಸಡಿಲವಾಗಿದ್ದವು.

ಟರ್ಬೊ ಹಾಕಿದ ಮಿಯಾಟಾಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಅಲ್ಲಿನ ಕಬ್ಬಿಣ ಕೆಂಪಗೆ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಮಾಮೂಲಿ ಸ್ಟೀಲ್ ಸ್ಟಡ್ ಉದ್ದಕ್ಕೆ ಎಳೆದುಕೊಂಡು ಬಿಗಿ ಕಳೆದುಕೊಳ್ಳುತ್ತದೆ. ಇನ್‌ಕೊನೆಲ್ (ಬಿಸಿ ತಡೆಯುವ ನಿಕಲ್ ಮಿಶ್ರಲೋಹ) ಸ್ಟಡ್ ಹಾಕಿದೆ. ಬೆಲೆ ಜಾಸ್ತಿ, ಆದರೆ ಆ ಬಿಸಿಗೂ ಬಿಗಿ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಉಳಿಸಿಟ್ಟಿದ್ದ ಹಳೇ ಟ್ಯೂನ್ ಫೈಲ್ ಹಾಕಿ ಸ್ಟಾರ್ಟ್ ಮಾಡಿದೆ. ಐಡಲ್ 14.6. ಟಿಕ್ ಟಿಕ್ ಇಲ್ಲ, ವಾಸನೆ ಇಲ್ಲ. ಆ ರಾತ್ರಿ ಎಷ್ಟು ಸಂತೋಷವಾಯಿತೆಂದರೆ ಹತ್ತು ನಿಮಿಷ ಸುಮ್ಮನೆ ಅಲ್ಲೇ ನಿಂತಿದ್ದೆ.

ಸ್ಪಾರ್ಕ್ ವಿಷಯದಲ್ಲೂ ಇದೇ ಲೆಕ್ಕ. ಪೂರ್ತಿ ಬೂಸ್ಟ್‌ನಲ್ಲಿ ಕಾರು ಮುಗ್ಗರಿಸಿ, ಅಂಕಿ 11.5ರಿಂದ ಥಟ್ಟನೆ 15ಕ್ಕೆ ಹಾರಿದರೆ ಪೆಟ್ರೋಲ್ ಸೇರಿಸಲು ಹೋಗಬೇಡಿ. ಕಿಡಿ ಹತ್ತದೆ ಉಳಿದ ಗಾಳಿಯೂ ಆಮ್ಲಜನಕವೇ. ನಾನು ಪ್ಲಗ್ ಸಂದಿಯನ್ನು 1.1 ಮಿಮೀನಿಂದ 0.7ಕ್ಕೆ ಇಳಿಸಿದೆ, ಸರಿಹೋಯಿತು.

ಈ ಗೇಜ್ ಹಿಡಿಯದ ತೊಂದರೆಯೂ ಇದೆ. ನನ್ನ ಇಸಿಯು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಪೈಪು) ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಹಾಗಾಗಿ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಂಪು ಮಾಡುವ ಭಾಗ) ಪೈಪ್ ಸೋರಿದರೂ ಅಂಕಿ ಸರಿಯಾಗಿಯೇ ಇರುತ್ತದೆ, ಬೂಸ್ಟ್ ಮಾತ್ರ ತಡವಾಗಿ ಬರುತ್ತದೆ. ಗಾಳಿ ಒಳಗೆ ಬರುವ ಬಾಯಲ್ಲೇ ಅದನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಾದರೆ, ಅದೇ ಸೋರಿಕೆಗೆ ಅಂಕಿ ರಿಚ್ (ಪೆಟ್ರೋಲ್ ಹೆಚ್ಚು) ಕಡೆಗೆ ಜಾರುತ್ತದೆ. ಅಲ್ಲಿ ಗೇಜ್ ಕೈಕೊಡುವುದಿಲ್ಲ.

ಬೆಂಗಳೂರಿನ ನನ್ನ ಭಾವಮೈದ ಟ್ರ್ಯಾಕ್‌ಗೆಂದು ಒಂದು ಕಾರು ಸಿದ್ಧ ಮಾಡುತ್ತಿದ್ದಾನೆ. ರಸ್ತೆಗೆ ಇಂಥ ಬದಲಾವಣೆ ಮಾಡಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಅದು ಅವನಿಗೂ ಗೊತ್ತು. ಅವನಿಗೆ ನಾನು ಹೇಳಿದ್ದು, ಗೇಜ್ ತೋರಿಸುವ ಅಳತೆಯನ್ನು ಲ್ಯಾಂಬ್ಡಾಗೆ (ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿಯನ್ನು 1 ಎಂದು ಎಣಿಸುವ ಲೆಕ್ಕ) ಬದಲಿಸಿಕೋ ಅಂತ. ಈಗ ಅಲ್ಲಿ ಸಿಗುವುದು ಇ20 (ಶೇಕಡ 20 ಎಥನಾಲ್ ಬೆರೆತ) ಪೆಟ್ರೋಲ್. ಎಥನಾಲ್ ಬೆರೆತರೆ 14.7 ಎಂಬ ಲೆಕ್ಕವೇ ಬದಲಾಗುತ್ತದೆ, ಗೇಜ್ ಮಾತ್ರ ಬರೀ ಪೆಟ್ರೋಲ್‌ನ ಅಳತೆಯಲ್ಲೇ ತೋರಿಸುತ್ತದೆ. ಲ್ಯಾಂಬ್ಡಾದಲ್ಲಿ 1 ಅಂದರೆ ಯಾವ ಪೆಟ್ರೋಲ್‌ಗಾದರೂ 1.

ಸೆನ್ಸರ್ ಸವೆಯುವ ವಸ್ತು, ಒಂದು ಜಾಸ್ತಿ ತಂದಿಟ್ಟುಕೊಳ್ಳಿ. ಕರೆಂಟ್ ಇಲ್ಲದೆ ಎಕ್ಸಾಸ್ಟ್‌ನಲ್ಲಿ ಬಿಟ್ಟು ಕಾರು ಓಡಿಸಬೇಡಿ. ಡ್ಯಾಶ್ ಕೆಲಸಕ್ಕೆಂದು ಗೇಜ್ ಬಿಚ್ಚಿಟ್ಟು ಎರಡು ವಾರ ಓಡಿಸಿ ನಾನು ಒಂದು ಸೆನ್ಸರ್ ಕಳೆದುಕೊಂಡಿದ್ದೇನೆ. ಸೀಸ ಇರುವ ರೇಸ್ ಪೆಟ್ರೋಲ್ ಕೂಡ ಇದಕ್ಕೆ ವಿಷ.

ಕಳೆದ ಜೂನ್‌ನಲ್ಲಿ ಜಿಂಜರ್‌ಮ್ಯಾನ್ ಟ್ರ್ಯಾಕ್‌ನಲ್ಲಿ ಇಡೀ ದಿನ ಓಡಿಸಿದೆ. ಲಾಗ್ ತೆಗೆದು ನೋಡಿದರೆ ಪೂರ್ತಿ ಬೂಸ್ಟ್‌ನಲ್ಲಿ ಅಂಕಿ 11.3ಕ್ಕೂ 11.6ಕ್ಕೂ ನಡುವೆಯೇ ಇತ್ತು. ಸಂಜೆ ಎಂಜಿನ್ ಆರಿದ ಮೇಲೆ ಸ್ಪ್ಯಾನರ್ ಇಟ್ಟು ಟರ್ಬೊ ನಟ್‌ಗಳನ್ನು ಒಂದೊಂದಾಗಿ ನೋಡಿದೆ. ನಾಲ್ಕೂ ಅಲುಗಲಿಲ್ಲ.