ಜಿ*ಪವರ್ 3.1: ಬಹುಚಲಕ ಸರಾಸರಿ ಪರೀಕ್ಷೆಗೆ ಮಾದರಿ ಗಾತ್ರ ಲೆಕ್ಕ ಹಾಕುವವರಿಗೊಂದು ವಿಮರ್ಶೆ

ಐದಕ್ಕೆ ನಾಲ್ಕು ಸ್ಟಾರ್. ಲೆಕ್ಕ ತಪ್ಪುತ್ತದೆ ಅಂತ ಒಂದು ಸ್ಟಾರ್ ಕಡಿತ ಮಾಡಿದ್ದಲ್ಲ. ನಾವು ತಪ್ಪು ಅಂಕಿ ಕೊಟ್ಟರೂ ಚಕಾರವೆತ್ತದೆ ದಶಮಾಂಶ ಸಮೇತ ಉತ್ತರ ಕೊಟ್ಟುಬಿಡುತ್ತದಲ್ಲ, ಅದಕ್ಕೆ.

ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಶ್ವವಿದ್ಯಾಲಯದವರು ಪುಕ್ಕಟೆ ಹಂಚುವ ತಂತ್ರಾಂಶ ಇದು. ಮೂರನೇ ಪೀಳಿಗೆಯ ವಿವರ 2007ರಲ್ಲಿ ಪ್ರಕಟವಾಯಿತು, 3.1ರದ್ದು 2009ರಲ್ಲಿ. ವಿಂಡೋಸ್ ಮತ್ತು ಮ್ಯಾಕ್‌ಗೆ ಇದೆ, ಲಿನಕ್ಸ್‌ಗೆ ನೇರ ಆವೃತ್ತಿ ಇಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಡ. ಟಿ-ಟೆಸ್ಟ್, ಕೈ-ಸ್ಕ್ವೇರ್‌ಗೆ ಇದನ್ನು ಬಳಸುವವರು ಬೇಕಾದಷ್ಟು ಜನ, ಅದರ ಬಗ್ಗೆ ಬರೆದವರೂ ಬೇಕಾದಷ್ಟು. ಇಲ್ಲಿ ಹೇಳುವುದು ಹೊಟೆಲಿಂಗ್ ಟಿ² (ಎರಡು ಗುಂಪಿಗೆ) ಮತ್ತು ಮನೋವಾ (ಹೆಚ್ಚು ಗುಂಪಿಗೆ) ಎಂಬ ಪರೀಕ್ಷೆಗಳ ವಿಭಾಗದ ಬಗ್ಗೆ ಮಾತ್ರ. ಒಬ್ಬೊಬ್ಬರಿಂದಲೂ ಎರಡು ಮೂರು ಅಳತೆ (ಚಲಕ) ತೆಗೆದು, ಅವುಗಳ ಸರಾಸರಿಗಳನ್ನು ಒಟ್ಟಿಗೇ ಹೋಲಿಸುವ ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂಬುದು ಪ್ರಶ್ನೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಎರಡು ಔಷಧ, ಎರಡು ಗುಂಪು, ಅಳೆಯುವುದು ಸಿಸ್ಟಾಲಿಕ್ ಮತ್ತು ಡಯಾಸ್ಟಾಲಿಕ್ ರಕ್ತದೊತ್ತಡ. ನಿರೀಕ್ಷಿಸುವ ವ್ಯತ್ಯಾಸ ಸಿಸ್ಟಾಲಿಕ್‌ನಲ್ಲಿ 6, ಡಯಾಸ್ಟಾಲಿಕ್‌ನಲ್ಲಿ 3 ಎಂದಿಟ್ಟುಕೊಳ್ಳಿ. ಎಸ್‌ಡಿ (ಸರಾಸರಿಯ ಸುತ್ತ ಅಳತೆಗಳ ಹರಡಿಕೆ) ಕ್ರಮವಾಗಿ 12 ಮತ್ತು 8, ಎರಡರ ನಡುವಿನ ಸಹಸಂಬಂಧ (ಒಂದು ಏರಿದರೆ ಇನ್ನೊಂದೂ ಎಷ್ಟರ ಮಟ್ಟಿಗೆ ಜೊತೆಗೆ ಏರುತ್ತದೆ ಎಂಬ ಅಂಕಿ) 0.6.

ಮೆನುವಿನಲ್ಲಿ ಟೆಸ್ಟ್ಸ್, ಮೀನ್ಸ್, ಮಲ್ಟಿವೇರಿಯೇಟ್ ದಾರಿಯಲ್ಲಿ ಹೋಗಿ ಎರಡು ಗುಂಪಿನ ಹೊಟೆಲಿಂಗ್ ಟಿ² ಆರಿಸಿ. ಲೆಕ್ಕದ ಬಗೆ 'ಎ ಪ್ರಯಾರೈ', ಅಂದರೆ ಅಧ್ಯಯನಕ್ಕೆ ಮೊದಲೇ ಮಾದರಿ ಗಾತ್ರ ಕೇಳುವುದು. ಎಫೆಕ್ಟ್ ಸೈಜ್ ಡೆಲ್ಟಾ (ಎರಡು ಗುಂಪು ಒಟ್ಟಾರೆ ಎಷ್ಟು ದೂರ ಎಂಬ ಅಂಕಿ) ಪಕ್ಕದಲ್ಲಿರುವ 'ಡಿಟರ್ಮಿನ್' ಒತ್ತಿದರೆ ಬದಿಯಲ್ಲಿ ಇನ್ನೊಂದು ಫಲಕ ತೆರೆಯುತ್ತದೆ. ಅಲ್ಲಿ ಚಲಕಗಳ ಸಂಖ್ಯೆ 2 ಎಂದು ಹಾಕಿ, ಸರಾಸರಿಗಳನ್ನೂ ಮ್ಯಾಟ್ರಿಕ್ಸನ್ನೂ ತುಂಬಿ, ಲೆಕ್ಕ ಮಾಡಿಸಿ ಮುಖ್ಯ ಕಿಟಕಿಗೆ ವರ್ಗಾಯಿಸಬೇಕು. ಸರಾಸರಿಗಳಲ್ಲಿ ಲೆಕ್ಕಕ್ಕೆ ಬರುವುದು ವ್ಯತ್ಯಾಸ ಮಾತ್ರ. 140 ಮತ್ತು 134 ಎಂದು ಬರೆದರೂ ಒಂದೇ, 6 ಮತ್ತು 0 ಎಂದು ಬರೆದರೂ ಒಂದೇ.

ಮ್ಯಾಟ್ರಿಕ್ಸ್ ಕೊಡುವುದಕ್ಕೆ ಎರಡು ದಾರಿ: ಕೋವೇರಿಯನ್ಸ್ ಆಗಿ, ಇಲ್ಲವೇ ಎಸ್‌ಡಿ ಜೊತೆ ಸಹಸಂಬಂಧವಾಗಿ. ಎರಡನೆಯದನ್ನೇ ಬಳಸಿ. ಕೋವೇರಿಯನ್ಸ್ ದಾರಿ ಹಿಡಿದರೆ ಕರ್ಣದಲ್ಲಿ 144 ಮತ್ತು 64, ಪಕ್ಕದಲ್ಲಿ 12 × 8 × 0.6 = 57.6 ಇರಬೇಕು. ವೇರಿಯನ್ಸ್ (ಎಸ್‌ಡಿಯ ವರ್ಗ) ಕೇಳಿದ ಜಾಗದಲ್ಲಿ ಎಸ್‌ಡಿ ತುಂಬುವುದು ಇಲ್ಲಿ ಆಗುವ ತಪ್ಪು. 12, 8, ಪಕ್ಕದಲ್ಲಿ 0.6 ಎಂದು ಬರೆದರೆ ಡೆಲ್ಟಾ 1.98 ಬರುತ್ತದೆ, ಎರಡೂ ಗುಂಪು ಸೇರಿ ಇಪ್ಪತ್ತು ಜನವೂ ಬೇಡ ಎನ್ನುತ್ತದೆ ತಂತ್ರಾಂಶ. ಸರಿಯಾದ ಡೆಲ್ಟಾ 0.509. ಸಾಮಾನ್ಯ ವೈದ್ಯಕೀಯ ಅಧ್ಯಯನದಲ್ಲಿ ಡೆಲ್ಟಾ 1.5 ದಾಟಿದರೆ ಮೊದಲು ಅನುಮಾನಿಸಬೇಕಾದ್ದು ಈ ಪೆಟ್ಟಿಗೆಯನ್ನೇ.

ಇನ್ನೊಂದು ಎಡವಟ್ಟು ಮುಖ್ಯ ಕಿಟಕಿಯಲ್ಲಿದೆ. ಪವರ್ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ) ಪೆಟ್ಟಿಗೆಯಲ್ಲಿ ಮೊದಲೇ ಕೂತಿರುವ ಅಂಕಿ 0.95. ಸಿನಾಪ್ಸಿಸ್‌ನಲ್ಲಿ (ಅಧ್ಯಯನದ ಪ್ರಸ್ತಾವದಲ್ಲಿ) 80% ಎಂದು ಬರೆದು, ಇಲ್ಲಿ ಬದಲಿಸದೆ ಬಿಟ್ಟರೆ ನಮ್ಮ ಉದಾಹರಣೆಗೆ 240 ದಾಟಿ ಜನ ಬೇಕಾಗುತ್ತಾರೆ. 0.80 ಹಾಕಿದರೆ 152, ಅಂದರೆ ಗುಂಪಿಗೆ 76. 0.90 ಆದರೆ 200ರ ಹತ್ತಿರ.

ಉತ್ತರ ಸರಿಯಿದೆಯೇ ಎಂದು ಕ್ಯಾಲ್ಕ್ಯುಲೇಟರ್‌ನಲ್ಲೇ ನೋಡಬಹುದು. ಸಮ ಗಾತ್ರದ ಎರಡು ಗುಂಪಿಗೆ ಒಟ್ಟು ಸಂಖ್ಯೆ ಸುಮಾರು 4 × ಲ್ಯಾಂಬ್ಡಾ ÷ ಡೆಲ್ಟಾ². ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಸಾಧ್ಯತೆ) 0.05, ಪವರ್ 0.80 ಇದ್ದಾಗ ಲ್ಯಾಂಬ್ಡಾ ಒಂದು ಚಲಕಕ್ಕೆ 7.85, ಎರಡಕ್ಕೆ 9.63, ಮೂರಕ್ಕೆ 10.90, ನಾಲ್ಕಕ್ಕೆ 11.94, ಐದಕ್ಕೆ 12.83. ಇಲ್ಲಿ 4 × 9.63 ÷ 0.2588 ಅಂದರೆ 149. ಇದು ಕೈ-ಸ್ಕ್ವೇರ್ ಅಂದಾಜು, ತಂತ್ರಾಂಶ ನಿಜವಾದ ಎಫ್ ವಿತರಣೆ ಬಳಸುವುದರಿಂದ ಎರಡು ಚಲಕಕ್ಕೆ ಇನ್ನೊಂದು ಮೂರು ಸೇರಿಸಿಕೊಳ್ಳಿ. ಇದಕ್ಕೂ ತಂತ್ರಾಂಶದ ಉತ್ತರಕ್ಕೂ ಅಜಗಜಾಂತರ ಕಂಡರೆ ಒಳಗೆ ಹಾಕಿದ ಅಂಕಿಯಲ್ಲೇ ಏನೋ ಹೆಚ್ಚುಕಡಿಮೆಯಾಗಿದೆ.

ಈಗ ಗಮನಿಸಿ: ಸಿಸ್ಟಾಲಿಕ್ ಒಂದನ್ನೇ ಟಿ-ಟೆಸ್ಟ್‌ನಲ್ಲಿ ಹೋಲಿಸಿದ್ದರೆ 128 ಜನ ಸಾಕಿತ್ತು. ಡಯಾಸ್ಟಾಲಿಕ್ ಸೇರಿಸಿದ್ದರಿಂದ 24 ಜನ ಹೆಚ್ಚಾದರು! 'ಚಲಕ ಹೆಚ್ಚಿದಷ್ಟೂ ಮಾಹಿತಿ ಹೆಚ್ಚು, ಮಾಹಿತಿ ಹೆಚ್ಚಿದಷ್ಟೂ ಮಾದರಿ ಕಡಿಮೆ' ಎಂಬ ನಂಬಿಕೆ ಇಲ್ಲಿಗೆ ಬಿತ್ತು.

ಎಲ್ಲದರ ಕೀಲಿ ಇರುವುದು ಸಹಸಂಬಂಧದಲ್ಲಿ. ಇದೇ ಉದಾಹರಣೆಯಲ್ಲಿ ಸಹಸಂಬಂಧ 0.3 ಆಗಿದ್ದರೆ 130 ಜನ, 0.6 ಆದರೆ 152, 0.75 ಆದರೆ 158. ಆಮೇಲೆ ಮತ್ತೆ ಇಳಿಯುತ್ತದೆ, 0.9ಕ್ಕೆ 142ರ ಆಸುಪಾಸು. ಏರಿ ಇಳಿಯುವುದೇಕೆ? ಎಸ್‌ಡಿ ಲೆಕ್ಕದಲ್ಲಿ ಸಿಸ್ಟಾಲಿಕ್ ವ್ಯತ್ಯಾಸ 0.5, ಡಯಾಸ್ಟಾಲಿಕ್‌ನದು 0.375. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದರೆ 0.75. ಸಹಸಂಬಂಧ ಸರಿಯಾಗಿ ಇಷ್ಟೇ ಇದ್ದಾಗ, ಸಿಸ್ಟಾಲಿಕ್ ಬದಲಾದದ್ದನ್ನು ನೋಡಿಯೇ ಡಯಾಸ್ಟಾಲಿಕ್ ಎಷ್ಟು ಬದಲಾಗುತ್ತದೆಂದು ಪೂರ್ತಿ ಊಹಿಸಬಹುದು. ಎರಡನೇ ಅಳತೆಯಿಂದ ಹೊಸದೇನೂ ಸಿಗುವುದಿಲ್ಲ, ಅದರ ಲೆಕ್ಕದ ಹೊರೆ ಮಾತ್ರ ನಮ್ಮ ತಲೆಗೆ. ಯಾವ ಸಹಸಂಬಂಧ ಗೊತ್ತಿಲ್ಲವೋ ಅಲ್ಲಿ ಈ ಭಾಗಲಬ್ಧವನ್ನೇ ಹಾಕಿ ಲೆಕ್ಕ ಮಾಡಿ. ಎರಡು ಚಲಕಕ್ಕೆ ಅದೇ ಅತಿ ಕೆಟ್ಟ ಸಂದರ್ಭ, ಅದಕ್ಕಿಂತ ಹೆಚ್ಚು ಜನ ಎಂದೂ ಬೇಕಾಗುವುದಿಲ್ಲ. ಸಹಸಂಬಂಧಕ್ಕೆ 0 ಹಾಕಿ ಕೈತೊಳೆದುಕೊಂಡರೆ ಇಲ್ಲಿ 102ರ ಹತ್ತಿರ ಸಂಖ್ಯೆ ಬರುತ್ತದೆ. ಅಷ್ಟರಲ್ಲಿ ಅಧ್ಯಯನ ಮಾಡಿದವರ ಪವರ್ 80% ಅಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದಕ್ಕೆ ತದ್ವಿರುದ್ಧವೂ ಉಂಟು. ಒಂದು ಚಲಕದಲ್ಲಿ ವ್ಯತ್ಯಾಸ 0.5 ಎಸ್‌ಡಿ, ಇನ್ನೊಂದರಲ್ಲಿ ಸೊನ್ನೆ, ಸಹಸಂಬಂಧ 0.8 ಎನ್ನಿ. ಬೇಕಾಗುವುದು ಬರೀ 60 ಜನ. ತಾನು ಬದಲಾಗದ ಅಳತೆ ಇನ್ನೊಂದರ ಏರುಪೇರನ್ನು ಹೀರಿಕೊಳ್ಳುತ್ತದೆ, ಕೋವೇರಿಯೇಟ್ ಮಾಡುವ ಕೆಲಸವೇ ಇದು. ಸಹಸಂಬಂಧ ಸೊನ್ನೆಯಾದರೆ ಅದೇ ಜೋಡಿಗೆ 158.

ಸ್ಕೋರುಗಳ ದಿಕ್ಕು ಎಡವಿಸುವ ಜಾಗ. ನೋವಿನ ಸ್ಕೋರು ಇಳಿದರೆ ಒಳ್ಳೆಯದು, ಚಲನೆಯ ಸ್ಕೋರು ಏರಿದರೆ ಒಳ್ಳೆಯದು. ಒಂದನ್ನು ತಿರುಗಿಸಿ ಬರೆದಾಗ ಅದರ ವ್ಯತ್ಯಾಸದ ಚಿಹ್ನೆ ಬದಲಾದಂತೆ ಸಹಸಂಬಂಧದ ಚಿಹ್ನೆಯೂ ಬದಲಾಗಬೇಕು. ಎರಡೂ ವ್ಯತ್ಯಾಸ 0.5, ಸಹಸಂಬಂಧ 0.5 ಇದ್ದರೆ 120 ಜನ. ಸಹಸಂಬಂಧದ ಹಿಂದೆ ಮೈನಸ್ ಉಳಿದುಹೋದರೆ 42! ಯಾವ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಗಣಿತದ ಮಟ್ಟಿಗೆ ಎರಡೂ ಸರಿಯಾದ ಪ್ರಶ್ನೆಗಳೇ. ಮೂರು ಅಥವಾ ಹೆಚ್ಚು ಚಲಕಗಳಿದ್ದರೆ ಬೇರೆ ಬೇರೆ ಲೇಖನಗಳಿಂದ ಹೆಕ್ಕಿದ ಸಹಸಂಬಂಧಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತಲೂ ನೋಡಬೇಕು. 0.9, 0.9, 0.1 ಎಂಬ ಮೂರು ಒಂದೇ ಮ್ಯಾಟ್ರಿಕ್ಸಿನಲ್ಲಿ ಇರಲು ಸಾಧ್ಯವೇ ಇಲ್ಲ, ಅದರ ಡಿಟರ್ಮಿನೆಂಟ್ ಋಣ ಸಂಖ್ಯೆ.

ಅಂದಹಾಗೆ ಈ ಡೆಲ್ಟಾ ಬೇರೇನೂ ಅಲ್ಲ, ಮಹಲನೋಬಿಸ್ ದೂರ. ಹೊಟೆಲಿಂಗ್ ಟಿ² ಬಂದದ್ದು 1931ರಲ್ಲಿ, ಭಾರತದ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರ ಪ್ರಸಿದ್ಧ ಪ್ರಬಂಧ 1936ರಲ್ಲಿ. ಮನೋವಾ ವಿಭಾಗದಲ್ಲಿ ವಿಲ್ಕ್ಸ್ ಎಂಬ ಅಳತೆಗೋಲು ಆರಿಸಿದಾಗ ಅದನ್ನು ಎಫ್‌ಗೆ ತಿರುಗಿಸುವ ಅಂದಾಜು ಸೂತ್ರ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರದು, 1951ರದ್ದು. ಜರ್ಮನ್ ತಂತ್ರಾಂಶ ಎಂದು ತೆರೆದರೆ ಒಳಗೆ ಇವರೆಲ್ಲ ಕೂತಿದ್ದಾರೆ.

ಪೈಲಟ್ (ಮೊದಲು ಪರೀಕ್ಷಾರ್ಥ ಮಾಡುವ ಚಿಕ್ಕ) ಅಧ್ಯಯನದಿಂದ ಡೆಲ್ಟಾ ತೆಗೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಂಪಿಗೆ 20 ಜನ, ನಾಲ್ಕು ಚಲಕ. ಗುಂಪುಗಳ ನಡುವೆ ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಮಾದರಿಯಿಂದ ಲೆಕ್ಕ ಹಾಕಿದ ದೂರದ ವರ್ಗ ಸರಾಸರಿ 0.46 ಬರುತ್ತದೆ, ಅಂದರೆ ಡೆಲ್ಟಾ 0.68ರ ಹತ್ತಿರ. ದೂರದ ವರ್ಗ ಎಂದೂ ಋಣವಾಗುವುದಿಲ್ಲ, ಪ್ರತಿ ಚಲಕದ ಆಕಸ್ಮಿಕ ಏರುಪೇರೂ ಅದಕ್ಕೆ ಸೇರುತ್ತಲೇ ಹೋಗುತ್ತದೆ. ಆ ಅಂಕಿಯನ್ನು ತಂತ್ರಾಂಶಕ್ಕೆ ಕೊಟ್ಟರೆ ನೂರು ಚಿಲ್ಲರೆ ಜನ ಸಾಕು ಎನ್ನುತ್ತದೆ, ಇಲ್ಲದ ವ್ಯತ್ಯಾಸವನ್ನು ಹುಡುಕಲು! ತಿದ್ದುವ ದಾರಿ ಹೀಗಿದೆ. ಒಟ್ಟು ಜನರ ಸಂಖ್ಯೆಯಿಂದ 2 ಕಳೆದರೆ 38. ಅದರಿಂದ ಚಲಕಗಳ ಸಂಖ್ಯೆಯನ್ನೂ ಇನ್ನೊಂದನ್ನೂ ಕಳೆದರೆ 33. ಸಿಕ್ಕ ದೂರದ ವರ್ಗವನ್ನು 33/38ರಿಂದ ಗುಣಿಸಿ, 4 × (1/20 + 1/20), ಅಂದರೆ 0.4 ಕಳೆಯಿರಿ. ಉಳಿದದ್ದು ಸೊನ್ನೆಗಿಂತ ಕಡಿಮೆಯಾದರೆ ಆ ಪೈಲಟ್ ಡೆಲ್ಟಾ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದರ್ಥ. ಪೈಲಟ್‌ನಿಂದ ಎಸ್‌ಡಿ ಮತ್ತು ಸಹಸಂಬಂಧ ಮಾತ್ರ ತೆಗೆದುಕೊಂಡು, ವ್ಯತ್ಯಾಸ ಎಷ್ಟಿದ್ದರೆ ರೋಗಿಗೆ ಲಾಭ ಎಂಬುದನ್ನು ವೈದ್ಯರ ಹತ್ತಿರ ಕೇಳಿ ಹಾಕುವುದೇ ವಾಸಿ. ಅಧ್ಯಯನ ಮುಗಿದ ಮೇಲೆ ಸಿಕ್ಕ ಡೆಲ್ಟಾವನ್ನೇ 'ಪೋಸ್ಟ್ ಹಾಕ್' ಪೆಟ್ಟಿಗೆಗೆ ಹಾಕಿ ಪವರ್ ತೋರಿಸುವುದಕ್ಕೂ ಇದೇ ಕಾಯಿಲೆ. ಜನರ ಸಂಖ್ಯೆ ಮೊದಲೇ ನಿಗದಿಯಾಗಿದ್ದರೆ 'ಸೆನ್ಸಿಟಿವಿಟಿ' ಬಳಸಿ. ಎರಡು ಚಲಕ, ಒಟ್ಟು 60 ಜನ, 80% ಪವರ್ ಎಂದರೆ 0.8ಕ್ಕಿಂತ ಸ್ವಲ್ಪ ಹೆಚ್ಚಿನ ಡೆಲ್ಟಾ ಮಾತ್ರ ಹಿಡಿಯಬಹುದು ಎಂದು ಅದು ನೇರವಾಗಿ ಹೇಳುತ್ತದೆ.

ಮೂರು ಅಥವಾ ಹೆಚ್ಚು ಗುಂಪಿಗೆ 'ಮನೋವಾ: ಗ್ಲೋಬಲ್ ಎಫೆಕ್ಟ್ಸ್'. ಇಲ್ಲಿ ಎಫೆಕ್ಟ್ ಸೈಜ್ ಡೆಲ್ಟಾ ಅಲ್ಲ, ಎಫ್². ಎರಡು ಸಮ ಗುಂಪಿನ ಮಟ್ಟಿಗೆ ಎಫ್² ಅಂದರೆ ಡೆಲ್ಟಾ² ÷ 4, ಎರಡೂ ದಾರಿಯಲ್ಲಿ ಒಂದೇ ಉತ್ತರ ಬರಬೇಕು. ಹೊಸಬರು ಮೊದಲು ಈ ತಾಳೆ ನೋಡಿಕೊಂಡರೆ ಒಳ್ಳೆಯದು. ಬರುವ ಒಟ್ಟು ಸಂಖ್ಯೆಯನ್ನು ಗುಂಪುಗಳಿಂದ ಭಾಗವಾಗುವ ಮುಂದಿನ ಸಂಖ್ಯೆಗೆ ಏರಿಸಿ. ಪದೇಪದೇ ಅಳತೆಯ ವಿನ್ಯಾಸಗಳಲ್ಲಿ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಿಂದ ಬಂದ ಪಾರ್ಷಿಯಲ್ ಈಟಾ² (ಇನ್ನೊಂದು ಬಗೆಯ ಎಫೆಕ್ಟ್ ಸೈಜ್) ಹಾಕುವುದಾದರೆ 'ಆಪ್ಷನ್ಸ್' ಗುಂಡಿ ಒತ್ತಿ ಎಸ್‌ಪಿಎಸ್‌ಎಸ್ ಬಗೆಗೆ ಬದಲಿಸಲೇಬೇಕು. ಹಾಗೇ ಬಿಟ್ಟರೆ ಸಹಸಂಬಂಧವನ್ನು ಎರಡೆರಡು ಸಲ ಲೆಕ್ಕಕ್ಕೆ ಹಿಡಿದಂತಾಗಿ ಮಾದರಿ ವಿಪರೀತ ಚಿಕ್ಕದಾಗುತ್ತದೆ.

ತಂತ್ರಾಂಶ ಕೊಟ್ಟ ಸಂಖ್ಯೆ ಕೊನೆಯ ಸಂಖ್ಯೆಯಲ್ಲ. ಟಿ²ಗೆ ಎಲ್ಲ ಚಲಕಗಳೂ ಪೂರ್ತಿ ಇರುವ ಸಾಲುಗಳು ಮಾತ್ರ ಬೇಕು. ನಾಲ್ಕು ಚಲಕ, ಪ್ರತಿಯೊಂದರಲ್ಲೂ ಬಿಡಿಬಿಡಿಯಾಗಿ 5% ಅಳತೆ ತಪ್ಪಿಹೋದರೆ ಪೂರ್ತಿ ಉಳಿಯುವ ಸಾಲು 81.5% ಮಾತ್ರ. 152 ಬೇಕಿದ್ದರೆ 187 ಜನರಿಂದ ಶುರು ಮಾಡಬೇಕು. ಒಂದು ಗುಂಪಿಗೆ ಇನ್ನೊಂದರ ಎರಡರಷ್ಟು ಜನ ಸೇರಿಸುವುದಾದರೆ ಒಟ್ಟು ಸಂಖ್ಯೆ 12.5% ಏರುತ್ತದೆ, ಇದನ್ನು ಅಲೊಕೇಶನ್ ರೇಶಿಯೋ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಡ್ರಾಪ್‌ಔಟ್‌ಗೆ ಮಾತ್ರ ಯಾವ ಪೆಟ್ಟಿಗೆಯೂ ಇಲ್ಲ.

ಇಲ್ಲದಿರುವುದು ಇನ್ನೂ ಇದೆ. ಎರಡು ಗುಂಪಿನ ಕೋವೇರಿಯನ್ಸ್ ಬೇರೆಬೇರೆ ಆಗಿದ್ದರೆ ಇದು ಕೈಚೆಲ್ಲುತ್ತದೆ. ಜನರಿಗಿಂತ ಚಲಕಗಳೇ ಹೆಚ್ಚಿರುವ ಜೀನ್ ದತ್ತಾಂಶಕ್ಕೆ ಟಿ² ಎಂಬುದೇ ಇಲ್ಲ. 'ಎರಡೂ ಅಳತೆಯಲ್ಲಿ ಔಷಧ ಗೆಲ್ಲಬೇಕು' ಎಂಬ ಉದ್ದೇಶಕ್ಕೂ ಟಿ² ಸಲ್ಲದು. ಎಲ್ಲೋ ಒಂದು ಕಡೆ, ಯಾವುದೋ ದಿಕ್ಕಿನಲ್ಲಿ ವ್ಯತ್ಯಾಸವಿದೆ ಎಂದಷ್ಟೇ ಅದು ಹೇಳುವುದು. ಟಿ² ನಂತರ ಒಂದೊಂದೇ ಚಲಕವನ್ನು ಬಾನ್‌ಫೆರೋನಿ (ಆಲ್ಫಾವನ್ನು ಚಲಕಗಳ ಸಂಖ್ಯೆಯಿಂದ ಭಾಗಿಸುವುದು) ಹಾಕಿ ನೋಡುವ ಯೋಜನೆಯಿದ್ದರೆ, ನಾಲ್ಕು ಚಲಕಕ್ಕೆ ಆಲ್ಫಾ 0.0125 ಇಟ್ಟು ಟಿ-ಟೆಸ್ಟ್ ಲೆಕ್ಕವನ್ನೂ ಮಾಡಿ, ದೊಡ್ಡ ಸಂಖ್ಯೆಯನ್ನು ಹಿಡಿಯಿರಿ.

ಇಂಥ ಕಡೆಗಳಲ್ಲಿ ಹಣ ಕೊಡುವವರಿಗೆ ಪಾಸ್ ಎಂಬ ತಂತ್ರಾಂಶ ಇದೆ, ಪದೇಪದೇ ಅಳತೆಯ ತೊಡಕಿನ ವಿನ್ಯಾಸಕ್ಕೆ ಪುಕ್ಕಟೆ ಸಿಗುವ ಗ್ಲಿಂಪ್ಸ್ ಇದೆ. ಆದರೆ ಆರ್ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಮಾಸ್ ಪ್ಯಾಕೇಜಿನ ಎಂವಿಆರ್‌ನಾರ್ಮ್‌ನಿಂದ ದತ್ತಾಂಶ ಸೃಷ್ಟಿಸಿ, 5000 ಸಲ ಪರೀಕ್ಷೆ ಓಡಿಸಿ, ಎಷ್ಟು ಸಲ ವ್ಯತ್ಯಾಸ ಹಿಡಿಯಿತೆಂದು ಎಣಿಸುವುದೇ ಸುಲಭ. 80% ಪವರ್ ಬಳಿ 5000 ಸಲಕ್ಕೆ ತಪ್ಪಿನ ಅಂಚು ಒಂದು ಶೇಕಡಾ ಚಿಲ್ಲರೆ. ಸಿಮ್ಯುಲೇಶನ್ ಬೇಡ ಎನ್ನುವವರಿಗೆ ಆರ್‌ನಲ್ಲೇ ಎರಡು ಸಾಲಿನ ತಾಳೆ ಉಂಟು: ನಮ್ಮ 152 ಜನರಿಗೆ ಸ್ವಾತಂತ್ರ್ಯಾಂಕಗಳು (ಡಿಗ್ರೀಸ್ ಆಫ್ ಫ್ರೀಡಮ್) 2 ಮತ್ತು 149, ಕ್ಯೂಎಫ್ ಎಂಬ ಆದೇಶ ಕೊಡುವ ಗಡಿ 3.06. ಲ್ಯಾಂಬ್ಡಾ 9.83 (152 × 0.2588 ÷ 4) ಇಟ್ಟು ಆ ಗಡಿಗೆ ಪಿಎಫ್ ಆದೇಶ ಕೇಳಿ, ಒಂದರಿಂದ ಕಳೆದರೆ 0.80 ಬರುತ್ತದೆ.

'ಪ್ರೋಟೋಕಾಲ್' ಎಂಬ ಟ್ಯಾಬ್ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಹಾಕಿದ ಅಂಕಿ, ಬಂದ ಉತ್ತರ ಎಲ್ಲ ಅಲ್ಲಿ ದಾಖಲಾಗುತ್ತವೆ, ಸೇವ್ ಮಾಡಿ ಎಥಿಕ್ಸ್ ಕಮಿಟಿಗೆ ಕೊಡಬಹುದು. ಡೆಲ್ಟಾ ಎಲ್ಲಿಂದ ಬಂತು ಎಂದು ತೋರಿಸಲು ಬದಿಯ ಫಲಕದ ಮ್ಯಾಟ್ರಿಕ್ಸನ್ನೂ ಜೊತೆಗೇ ಬರೆದಿಡಿ. ಕಮಿಟಿಯಲ್ಲಿ ಸಂಖ್ಯಾಶಾಸ್ತ್ರ ಬಲ್ಲವರೊಬ್ಬರಿದ್ದರೆ ಅವರು ಕೇಳುವ ಮೊದಲ ಪ್ರಶ್ನೆ, ಆ 0.6 ಎಲ್ಲಿಂದ ತಂದಿರಿ ಎಂಬುದೇ.