ಹಳೆಯ ಎಂಜಿಬಿ ಬಾಗಿಲಿಗೆ ಡೋರ್ ಬ್ರೇಸ್: ಬಳಸಿ ನೋಡಿದ ಮೇಲೆ

ಇಂಗ್ಲೆಂಡಿನ ರೀಡಿಂಗ್‌ನಲ್ಲಿ ನಮ್ಮ ಮನೆ ಗ್ಯಾರೇಜಿನಲ್ಲಿ 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಹಳೆಯ ಓಪನ್ ಸ್ಪೋರ್ಟ್ಸ್ ಕಾರು ಇದೆ. ಅದಕ್ಕೆ ಒಂದು ಜೊತೆ ಡೋರ್ ಬ್ರೇಸ್ ತರಿಸಿದ್ದೆ. ಬಾಗಿಲ ಜಾಗದಲ್ಲಿ ಕಾರಿನ ಮುಂಭಾಗ, ಹಿಂಭಾಗವನ್ನು ದೂಡಿ ಹಿಡಿಯುವ ಸರಳು ಇದು. ಹಳೆಯ ಓಪನ್ ಕಾರಿನ ಬಾಗಿಲು ಸರಿಯಾಗಿ ಕೂರುತ್ತಿಲ್ಲ ಅಂತ ಒದ್ದಾಡುವವರು ಸಿಲ್‌ಗೆ (ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ತೊಲೆ) ಕೈ ಹಾಕುವ ಮುಂಚೆ ಇದನ್ನು ಕೊಳ್ಳಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

1962ರಲ್ಲಿ ಬಂದ ಎಂಜಿಬಿಗೆ ಬಾಡಿಯನ್ನು ಹೊರುವ ಬೇರೆ ಛಾಸಿ (ಚೌಕಟ್ಟು) ಇಲ್ಲ. ಅದಕ್ಕಿಂತ ಹಿಂದಿನ ಎಂಜಿಎಗೆ ಇತ್ತು. ಮೇಲೆ ಟಾಪ್ ಇಲ್ಲವಲ್ಲ, ಹಾಗಾಗಿ ಕಾರಿನ ಮುಂಭಾಗ, ಹಿಂಭಾಗ ಎರಡನ್ನೂ ಹಿಡಿದಿಡುವ ಭಾರ ಬಾಗಿಲ ಕೆಳಗಿನ ಸಿಲ್‌ಗಳ ಮೇಲೇ ಜಾಸ್ತಿ. ಒಳಗೊಂದು ತಗಡು, ನಡುವೆ ಒಂದು, ಹೊರಗೊಂದು ಸೇರಿ ಒಂದು ಸಿಲ್. ಅದನ್ನು ತುಕ್ಕು ತಿಂದರೆ ಕಾರಿನ ನಡು ಕುಸಿಯುತ್ತದೆ. ಬಾಗಿಲ ಹಿಂಬದಿಯ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ನನ್ನ ಕಾರಿನಲ್ಲಿ ಮೇಲಿನ ಮೂಲೆ ಮಡ್ಗಾರ್ಡಿಗೆ ಉಜ್ಜಿ ಬಣ್ಣವೇ ಎದ್ದು ಹೋಗಿತ್ತು.

ನನ್ನ ಬಾಮೈದ ದಾವಣಗೆರೆಯಲ್ಲಿ ಟಿಂಕರಿಂಗ್ ಕೆಲಸದ ನಡುವೆ ಬೆಳೆದವನು. ಬಂದವನೇ ತೆರೆದ ಬಾಗಿಲ ತುದಿ ಹಿಡಿದು ಮೇಲಕ್ಕೆತ್ತಿದ. ಹಿಂಜ್ ಪಿನ್ ಸವೆದಿದ್ದರೆ ಬಾಗಿಲು ಅಲ್ಲಾಡಬೇಕು, ಇದು ಅಲ್ಲಾಡಲಿಲ್ಲ. "ಭಾವ, ಹಿಂಜ್ ಬಿಚ್ಚಬೇಡಿ. ಬಾಡಿನೇ ಕುಸಿದಿದೆ" ಅಂದ.

ಬ್ರೇಸ್ ಅಂದರೆ ಒಂದು ದಪ್ಪ ಉಕ್ಕಿನ ಸರಳು, ನಡುವೆ ಟರ್ನ್‌ಬಕಲ್. ಒಂದು ಕಡೆ ಬಲ ಮರೆ (ಥ್ರೆಡ್), ಇನ್ನೊಂದು ಕಡೆ ಎಡ ಮರೆ. ನಡುವೆ ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ದೂರ ಹೋಗುತ್ತವೆ. ಹಿಂದಿನ ಪಟ್ಟಿ ಸೀಟ್ ಬೆಲ್ಟ್ ಬೋಲ್ಟಿನ ತೂತಿಗೆ ಕೂರುತ್ತದೆ. ಮುಂದಿನದನ್ನು ಬಾಗಿಲ ಕಂಬದ ಒಳಬದಿಗೆ ಎರಡು ಚುಕ್ಕೆ ವೆಲ್ಡ್ ಹಾಕಿ ನಿಲ್ಲಿಸಬೇಕು. ಸರಳು ಒಳಗಡೆ ಇರುವುದರಿಂದ ಬಾಗಿಲು ತೆಗೆದು ಹಾಕಬಹುದು. ನನಗೆ ಬಹಳ ಹಿಡಿಸಿದ್ದು ಇದೇ. ಹಿಂಜ್ ತೂತುಗಳಿಗೇ ಬಿಗಿಯುವ ಬ್ರೇಸ್‌ಗಳೂ ಸಿಗುತ್ತವೆ. ಅವಕ್ಕೆ ಬಾಗಿಲನ್ನೇ ಕಳಚಬೇಕು. ಆಮೇಲೆ ಸಂದು ನೋಡೋದು ಹೇಗೆ?

ಕಾರನ್ನು ಮುಂದೆ ಹಿಂದೆ ಸಸ್ಪೆನ್ಷನ್ ಹತ್ತಿರ ಸ್ಟ್ಯಾಂಡ್ ಮೇಲೆ ಸಮನಾಗಿ ಕೂರಿಸಿ, ಬಾಗಿಲ ರಬ್ಬರ್ ಎಲ್ಲ ಕಿತ್ತೆವು. ಸ್ವಲ್ಪ ತಿರುಗಿಸೋದು, ಬಾಗಿಲು ಹಾಕಿ ನೋಡೋದು, ಮತ್ತೆ ಸ್ವಲ್ಪ. ಅಂಟಿಕೊಂಡಿದ್ದ ಮೇಲಿನ ಮೂಲೆ ನಿಧಾನವಾಗಿ ಬಿಟ್ಟುಕೊಂಡಿತು. ಆ ಖುಷಿ ಹೇಳತೀರದು! ಹಿಂದಿನ ಮಡ್ಗಾರ್ಡ್ ವೆಲ್ಡ್ ಆಗಿರುತ್ತದೆ, ಸರಿಸಲು ಬರುವುದಿಲ್ಲ. ಮುಂದಿನದು ಬೋಲ್ಟಿನದು. ಹಾಗಾಗಿ ಮೊದಲು ಹಿಂದಿನ ಸಂದು ಹೊಂದಿಸಿ, ಆಮೇಲೆ ಮುಂದಿನ ಮಡ್ಗಾರ್ಡನ್ನು ಬಾಗಿಲಿಗೆ ತಕ್ಕಂತೆ ಸರಿಸಬೇಕು. ಸಂದು ಕೂತ ಮೇಲೇ ಹಳೆಯ ಸಿಲ್ ಕತ್ತರಿಸಿ ಹಳೆಯ ಬ್ರಿಟಿಷ್ ಕಾರುಗಳ ಬಿಡಿಭಾಗ ಮಾಡುವ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನ ಹೊಸ ಸಿಲ್ ಹಾಕಿದೆವು. ಒಂದು ಪಕ್ಕದ ವೆಲ್ಡಿಂಗ್ ಪೂರ್ತಿ ಮುಗಿಯುವ ತನಕ ಇನ್ನೊಂದು ಪಕ್ಕ ಮುಟ್ಟಲಿಲ್ಲ.

ಕೊರತೆಗಳೂ ಇವೆ. ಮುಂದಿನ ಪಟ್ಟಿ ಚಪ್ಪಟೆ, ಕಂಬದ ಆಕಾರಕ್ಕೆ ಹೊಂದುವುದಿಲ್ಲ. ಬಡಿದು ಬಗ್ಗಿಸಬೇಕಾಯಿತು. ಹೇಗೆ ಜೋಡಿಸಬೇಕು ಅಂತ ಒಂದು ಚೀಟಿಯೂ ಪೆಟ್ಟಿಗೆಯಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಬೇಸರವಾಗಿದ್ದು ಲಾಕ್ ನಟ್ ಕೊಡದೇ ಇದ್ದದ್ದು. ಗ್ರೈಂಡರ್ ಅದುರಿಗೆ ಟರ್ನ್‌ಬಕಲ್ ತಿರುಗಿಬಿಟ್ಟರೆ ಇಷ್ಟು ಹೊತ್ತು ಪಟ್ಟ ಪಾಡು ನೀರುಪಾಲು. ನಾವೇ ಎರಡೂ ತುದಿಗೆ ನಟ್ ಹುಡುಕಿ ಹಾಕಿದೆವು. ಮಾರುವವರು ಇದನ್ನು ಖಂಡಿತ ಸೇರಿಸಬೇಕು.

ಈಗ ಹಿಂದಿನ ಸಂದು ಮೇಲೆ 4 ಮಿಲಿಮೀಟರ್, ಕೆಳಗೆ 5. ಬಾಗಿಲು ಮೆಲ್ಲಗೆ ತಳ್ಳಿದರೆ ಸಾಕು, ಕೂರುತ್ತದೆ. ಎಂಜಿಬಿ ತಯಾರಾಗುತ್ತಿದ್ದ ಆಬಿಂಗ್ಡನ್ ಕಾರ್ಖಾನೆಯಿಂದ ಬರುವಾಗಲೂ ಈ ಕಾರುಗಳ ಸಂದು ಗೆರೆ ಎಳೆದ ಹಾಗೆ ಇರುತ್ತಿರಲಿಲ್ಲ. ಹಾಗಾಗಿ ನನಗೆ ಇಷ್ಟು ಸಾಕು.

ನಿಮ್ಮ ಕಾರಿನ ಸಿಲ್ ಗಟ್ಟಿಯಾಗಿದ್ದರೆ ಮಾತ್ರ ಸುಮ್ನೆ ದುಡ್ಡು ಸುರಿಯಬೇಡಿ. ತೊಂದರೆ ಬಾಗಿಲ ರಬ್ಬರಿನದ್ದೂ ಇರಬಹುದು. ಈಗ ಸಿಗುವ ಕೆಲವು ಹೊಸ ರಬ್ಬರ್ ತುಂಬಾ ದಪ್ಪ, ಬಾಗಿಲನ್ನು ಹೊರಗೆ ತಳ್ಳುತ್ತದೆ. ಅದನ್ನು ಕಿತ್ತು ಒಮ್ಮೆ ಬಾಗಿಲು ಹಾಕಿ ನೋಡಿ, ಆಮೇಲೆ ಆರ್ಡರ್ ಮಾಡಿ.