ಹಳ್ಳಿಯನ್ನು ಅರಿಯಲು ಶ್ರೀನಿವಾಸರೋ, ಎಪ್‌ಸ್ಟೈನರೋ?

ಹಳ್ಳಿಯ ಜಾತಿ, ರಾಜಕೀಯ, ದುಡ್ಡು ಹೇಗೆ ನಡೆಯುತ್ತವೆ ಅಂತ ತಿಳಿಯಬೇಕೇ? ಹಳೇ ಮೈಸೂರಿನ ಮೇಲೆಯೇ ಎರಡು ದೊಡ್ಡ ಅಧ್ಯಯನಗಳಿವೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದರು. ಅವರ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕದಲ್ಲಿ ಅದಕ್ಕೆ ರಾಮಪುರ ಅಂತ ಹೆಸರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಅವರು ತಿದ್ದಿಟ್ಟುಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಹೆಚ್ಚಾಗಿ ನೆನಪಿನಿಂದಲೇ ಬರೆದ ಈ ಪುಸ್ತಕ 1976ರಲ್ಲಿ ಬಂತು. ಹಾಗಾಗಿ ಅದರಲ್ಲಿ ಅಂಕಿ-ಅಂಶ ಕಡಿಮೆ, ಮನುಷ್ಯರು ಜಾಸ್ತಿ. ಊರ ಯಜಮಾನರ ಗತ್ತು, ಜಗಳ, ಪಂಚಾಯ್ತಿ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಊರನ್ನು ಹೆಚ್ಚಾಗಿ ಮೇಲ್ಜಾತಿಯವರ ಜಗಲಿಯಿಂದ ನೋಡಿದ ಹಾಗಿದೆ. ನನಗೆ ಅದೇ ಅದರ ದೊಡ್ಡ ಕೊರತೆ.

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಹತ್ತಿರ ಎರಡು ಹಳ್ಳಿಗಳನ್ನು ಜೊತೆಗಿಟ್ಟು ನೋಡಿದರು. ಒಂದಕ್ಕೆ ನಾಲೆ ನೀರು ಬಂತು, ಇನ್ನೊಂದು ಒಣಭೂಮಿಯಾಗೇ ಉಳಿಯಿತು. ಯಾವುದು ಜಾಸ್ತಿ ಬದಲಾಯಿತು? ನೀರು ಬಂದದ್ದೇ ಇರಬೇಕು, ಅಲ್ವಾ? ಅಲ್ಲ! ಅಲ್ಲಿ ಕಬ್ಬು ಬೆಳೆದು ಕೈಯಲ್ಲಿ ದುಡ್ಡು ಆಡಿದರೂ, ಒಡೆಯ-ಆಳಿನ ಹಳೆಯ ಸಂಬಂಧ ಬಹುಮಟ್ಟಿಗೆ ಉಳಿಯಿತು. ಒಣ ಊರಿನವರು ಕೆಲಸ, ವ್ಯಾಪಾರ ಅಂತ ಮಂಡ್ಯದ ಕಡೆ ಹೊರಟರು. ಹಳೇ ಕಟ್ಟು ಸಡಿಲವಾದದ್ದು ಅಲ್ಲೇ. ಅವರ ಪುಸ್ತಕ ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಷಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’ ಓದಲು ಸ್ವಲ್ಪ ಒಣ, ಲೆಕ್ಕ ಜಾಸ್ತಿ.

ಸಮಾಜಶಾಸ್ತ್ರಕ್ಕೆ ಹೊಸಬರಾದರೆ ಶ್ರೀನಿವಾಸರಿಂದ ಶುರುಮಾಡಿ. ನೀರಾವರಿ, ಕೂಲಿ, ವಲಸೆ ನಿಮ್ಮ ವಿಷಯವಾದರೆ ನೇರ ಎಪ್‌ಸ್ಟೈನ್‌ಗೆ ಹೋಗಿ.